ಅವಳ ಕೂಗನ್ನು ಕೇಳಿದವರು ಯಾರು?

ಆಧಾರ: ವಿಮೋಚನಕಾಂಡ 22:2-3, ಧರ್ಮೋಪದೇಶಕಾಂಡ 22:25-27

ರಾತ್ರಿಯಲ್ಲಿ ಕನ್ನಹಾಕುವ ಕಳ್ಳನು ಏಟು ತಿಂದು ಸತ್ತರೆ ಹೊಡೆದವನ ಮೇಲೆ ರಕ್ತಾಪರಾಧವಿಲ್ಲವೆಂದೂ, ಹೊತ್ತು ಹುಟ್ಟಿದ ಮೇಲೆ ಕೊಂದರೆ ಅಪರಾಧವುಂಟೆಂದೂ ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ಯಾಕಂದರೆ ಹಗಲಿನಲ್ಲಿ ನೆರೆಯವರನ್ನು ಕರೆಯಬಹುದು. ನಮ್ಮ ದೇಶದ ಕಾನೂನೂ ಹೆಚ್ಚುಕಡಿಮೆ ಹೀಗೆಯೇ ತೂಗುವದು. 1860ರ ದಂಡಸಂಹಿತೆಯಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮುಂದುವರಿದಿರುವ ವಿಧಿಯಂತೆ, ಪ್ರಾಣಭಯವನ್ನಾಗಲಿ ಘೋರಗಾಯದ ಭಯವನ್ನಾಗಲಿ ಹುಟ್ಟಿಸುವ ಏಟನ್ನು ತಡೆಯುವಾಗ ಹೊಡೆಯುವವನು ಸತ್ತರೂ ತಡೆದವಳು ಅಪರಾಧಿಯಲ್ಲ. ಆದರೆ ಅಧಿಕಾರಿಗಳ ಮೊರೆಹೋಗಲು ಸಮಯವಿದ್ದಲ್ಲಿ ಈ ಹಕ್ಕು ಇಲ್ಲ.

ಹಾಗಾದರೆ ವರುಷಗಟ್ಟಲೆ ಏಟು ತಿಂದವಳು, ಗಂಡನು ಮಲಗಿರುವಾಗ ಕೈಯೆತ್ತಿದರೆ ಏನು ಹೇಳೋಣ? ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ ಕಿರಣ್‌ಜೀತ್ ಆಹ್ಲುವಾಲಿಯಾ ಎಂಬಾಕೆ ಹತ್ತು ವರುಷ ಹಿಂಸೆಯನ್ನು ಸಹಿಸಿದಳು. ಎರಡು ಸಾರಿ ನ್ಯಾಯಾಲಯದಿಂದ ತಡೆಯಾಜ್ಞೆಯನ್ನೂ ತಂದಳು, ಹಿಂಸೆ ನಿಲ್ಲಲಿಲ್ಲ. 1989ರಲ್ಲಿ ಮಲಗಿದ್ದ ಗಂಡನಿಗೆ ಬೆಂಕಿಯಿಟ್ಟಳು, ಅವನು ಸತ್ತನು. ಕೊಲೆಯೆಂದು ಜೀವಾವಧಿ ಶಿಕ್ಷೆಯಾಯಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿ ಮರುವಿಚಾರಣೆಗೆ ಒಪ್ಪಿಸಲು, ಅವಳ ಮನಸ್ಸು ಕುಂದಿಹೋಗಿತ್ತೆಂಬದು ಅಂಗೀಕಾರವಾಗಿ, ಕೊಲೆಗಿಂತ ಕಡಿಮೆಯಾದ ಅಪರಾಧಕ್ಕೆ ದಂಡನೆಯಾಯಿತು. ಆ ಕಾಲವನ್ನು ಆಗಲೇ ಸೆರೆಯಲ್ಲಿ ಕಳೆದಿದ್ದಳಾದಕಾರಣ ಬಿಡುಗಡೆ ಹೊಂದಿದಳು. ನಿರಪರಾಧಿಯೆಂದು ಬಿಡಲಿಲ್ಲ, ಗಮನಿಸಿರಿ. ಸತ್ತವನೂ ದೇವರ ಸ್ವರೂಪದಲ್ಲಿ ಉಂಟಾದವನೇ. ಆದರೂ ಆ ಮನೆಯಲ್ಲಿ ಹೊತ್ತು ಹುಟ್ಟಿತ್ತೋ ಎಂದು ನಾವು ಕೇಳುತ್ತೇವೆ.

ಅವಳು ಬಿಟ್ಟುಹೋಗಬಹುದಾಗಿತ್ತಲ್ಲವೇ ಎನ್ನುವವರುಂಟು. ಜಲಾಶಯದಿಂದ ನೀರು ಹೆಚ್ಚಾಗಿ ಬಿಟ್ಟ ವರುಷಗಳಲ್ಲಿ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯು ತುಂಗಭದ್ರೆಯಲ್ಲಿ ಮುಳುಗಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಆಗ ದಡದಲ್ಲಿ ನಿಂತವನನ್ನು, ಯಾಕೆ ದಾಟಲಿಲ್ಲವೆಂದು ಯಾರೂ ಗದರಿಸಲಿಲ್ಲ. ಏಟು ತಿಂದ ಸಹೋದರಿಗೋ ತವರು ಮಾನಕ್ಕಂಜಿ ಅವಳನ್ನು ಹಿಂದಕ್ಕೆ ಕಳುಹಿಸುವದು. ಠಾಣೆಯಲ್ಲಿ ರಾಜಿಯ ಮಾತು ನಡೆಯುವದುಂಟು. ಸಭೆಯ ಹಿರಿಯರು ಎಫೆಸದವರ ಪತ್ರಿಕೆಯ 5ನೆಯ ಅಧ್ಯಾಯವನ್ನು ತೆರೆದು, ಹೆಂಡತಿಗೆ ಬರೆದದ್ದನ್ನು ಓದಿ ಪುಸ್ತಕ ಮುಚ್ಚುವರು. ಗಂಡನಿಗೆ ಬರೆದದ್ದೇ ಅಲ್ಲಿ ಹೆಚ್ಚು ಉದ್ದವಾಗಿದೆ!

ಹೊಲದಲ್ಲಿ ಬಲಾತ್ಕಾರಕ್ಕೆ ಸಿಕ್ಕಿದವಳನ್ನು ಮೋಶೆಯು ನಿರ್ದೋಷಿಯೆಂದನು. ಕೂಗಿದರೂ ಬಿಡಿಸುವವರು ಅಲ್ಲಿರಲಿಲ್ಲ. ನಮ್ಮ ಕೇರಿಗಳು ಹೊಲವಲ್ಲ. ಗೋಡೆಗೆ ಗೋಡೆ ತಾಗಿದೆ. ರಾತ್ರಿಯ ಕೂಗು ನಾಲ್ಕು ಮನೆಗೆ ಕೇಳುತ್ತದೆ. ಕೇಳಿದವನು ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದೆಂದೂ, ಸದ್ಭಾವದಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬಾರದೆಂದೂ ಕೌಟುಂಬಿಕ ಹಿಂಸೆಯ ವಿಷಯವಾದ 2005ರ ಕಾಯಿದೆಯು ಹೇಳುತ್ತದೆ. ಹೊಡೆಯಬಾರದೆಂದು ಆಜ್ಞಾಪಿಸುವ, ಅವಳನ್ನು ಮನೆಯಿಂದ ಹೊರಗೆ ಹಾಕದಂತೆ ತಡೆಯುವ ಅಧಿಕಾರವು ಮ್ಯಾಜಿಸ್ಟ್ರೇಟರಿಗುಂಟು. 181 ಎಂಬ ಮಹಿಳಾ ಸಹಾಯವಾಣಿಯನ್ನೂ 112ನ್ನೂ ದೇವಾಲಯದ ಬಾಗಿಲಲ್ಲಿ ಬರೆದು ಅಂಟಿಸಿರಿ. ಇದಲ್ಲದೆ, ಅರ್ಧರಾತ್ರಿಯಲ್ಲಿ ಬಂದವಳಿಗೆ ಯಾರ ಮನೆ ತೆರೆಯಬೇಕೆಂಬದನ್ನು ಈ ತಿಂಗಳ ಹಿರಿಯರ ಕೂಟದಲ್ಲಿ ಹೆಸರು ಹಿಡಿದು ಗೊತ್ತುಮಾಡಿರಿ. ಅವಳ ಮಕ್ಕಳಿಗೂ ಅಲ್ಲಿ ಹಾಸಿಗೆಯಿರಲಿ.