ಸಾಕಿದವನ ಋಣವೂ ನಗರದ ಮನೆಯೂ

ಉದ್ಯೋಗನಿಮಿತ್ತ ಊರು ಬಿಡುವುದು ನಮ್ಮ ಕಾಫಿ ಸೀಮೆಗೆ ಹೊಸ ಸಂಗತಿಯೇನಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಅನೇಕ ಮನೆಗಳ ಮಕ್ಕಳು ಓದು ಮುಗಿಸಿ ಬೆಂಗಳೂರಿನ ಕಚೇರಿಗಳನ್ನು ಸೇರುತ್ತಾರೆ. ಕೆಲವು ವರ್ಷಗಳ ತರುವಾಯ ತಂದೆತಾಯಿಗಳೂ ಅವರನ್ನು ಹಿಂಬಾಲಿಸುತ್ತಾರೆ. ಆಗ ಪಾತ್ರೆಪಡಗ, ಮಂಚ, ದೇವರ ಪೀಠ ಇವೆಲ್ಲಕ್ಕೂ ಲಾರಿಯಲ್ಲಿ ಜಾಗ ನಿಗದಿಯಾಗುತ್ತದೆ. ಅಂಗಳದ ನಾಯಿ, ಉಗ್ರಾಣದ ಬೆಕ್ಕು ಇವುಗಳ ವಿಷಯ ಮಾತ್ರ ಕೊನೆಯ ದಿನದವರೆಗೂ ಮುಂದೂಡಲ್ಪಡುತ್ತದೆ. ನಗರದಲ್ಲಿ ಬಡಾವಣೆಯೊಂದನ್ನು ಆರಿಸುವವನು ತನ್ನ ಆಶ್ರಯದಲ್ಲಿರುವ ಪ್ರಾಣಿಯ ಹಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಧರ್ಮವೋ, ಬರಿಯ ಮಮಕಾರವೋ? ಈ ಪ್ರಶ್ನೆಯನ್ನು ಸ್ವಲ್ಪ ಸಾವಧಾನವಾಗಿ ವಿಚಾರ ಮಾಡುವುದು ಒಳಿತು.

ಪ್ರಾಣಿಗಳನ್ನು ಸಾಕುವ ವಿಷಯದಲ್ಲಿ ನಮ್ಮ ಪೂರ್ವಾಚಾರ್ಯರು ಉದಾರಿಗಳಾಗಿರಲಿಲ್ಲ. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಪೋಷಿಸುವುದನ್ನು ಶ್ರಾವಕನು ತ್ಯಜಿಸಬೇಕಾದ ಅನರ್ಥದಂಡಗಳಲ್ಲಿ ಎಣಿಸಿದವರುಂಟು. ಇಲಿಗಳ ಕಾಟಕ್ಕೆಂದು ಬೆಕ್ಕು ತಂದವನು ಹಿಂಸೆಯನ್ನು ಕೂಲಿಗೆ ಹಿಡಿದಂತೆಯೇ ಸರಿ. ಆದರೆ ಈ ನಿಷೇಧವನ್ನೇ ಆಧಾರ ಮಾಡಿಕೊಂಡು, “ಸಾಕಿದ್ದೇ ದೋಷ, ಆದುದರಿಂದ ಬಿಟ್ಟುಬಿಟ್ಟರೆ ದೋಷ ತೀರಿತು” ಎಂದು ವಾದಿಸುವವರನ್ನು ನಾನು ಕೇಳಿದ್ದೇನೆ. ಈ ವಾದ ನಿಲ್ಲುವುದಿಲ್ಲ. ಸಾಲ ಮಾಡಬೇಡ ಎಂಬುದು ಹಿತೋಪದೇಶ. ಮಾಡಿದ ಸಾಲವನ್ನು ತೀರಿಸದಿರಲು ಅದು ಅಪ್ಪಣೆಯಲ್ಲ. ಅಂಗಡಿಯಲ್ಲಿ ಕುಳಿತ ಯಾವ ವರ್ತಕನೂ ಇದನ್ನು ಬಲ್ಲ.

ಉಮಾಸ್ವಾಮಿ ಆಚಾರ್ಯರು ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿದ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಇವೈದೂ ಹೆಚ್ಚಾಗಿ ನಮ್ಮ ವಶದಲ್ಲಿರುವ ಜೀವಕ್ಕೆ ನಾವು ಮಾಡಬಹುದಾದ ಅಪರಾಧಗಳೆಂಬುದನ್ನು ಗಮನಿಸಬೇಕು. ಕಾಡಿನ ಮೃಗಕ್ಕೆ ಅನ್ನ ತಡೆಯುವ ಸಾಮರ್ಥ್ಯ ನಮಗಿಲ್ಲ. ನಮ್ಮ ಬಾಗಿಲಲ್ಲೇ ಉಣ್ಣಲು ಕಲಿತ ನಾಯಿಗೆ ಉಂಟು. ವಶದಲ್ಲಿಟ್ಟುಕೊಂಡದ್ದರಿಂದಲೇ ಋಣ ಹುಟ್ಟುತ್ತದೆ.

ಮನೆ ಬದಲಿಸುವವನಿಗೆ ಇವುಗಳಲ್ಲಿ ಮೊದಲನೆಯದಾದ ಬಂಧವೇ ಮುಖ್ಯವಾದದ್ದು. ನಮ್ಮ ತೋಟಗಳ ನಾಯಿ ಸರಪಳಿಯನ್ನು ಅಷ್ಟಾಗಿ ಕಂಡದ್ದಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಕಿವಿ ಎಂಬ ನಾಯಿಯ ನೆನಪಿರಬಹುದು; ಅದು ಯಜಮಾನನ ಹಿಂದೆ ಕಾಡುಮೇಡು ಸುತ್ತುವಂಥದು. ಚಿರತೆಯ ಭಯವಿರುವ ಕಡೆ ರಾತ್ರಿ ಒಳಗೆ ಕೂಡುತ್ತಾರೆ, ಹಗಲು ಬಿಡುತ್ತಾರೆ. ಇಂಥ ಪ್ರಾಣಿಯನ್ನು ನಾಲ್ಕನೆಯ ಅಂತಸ್ತಿನ ಎರಡು ಕೋಣೆಗಳಲ್ಲಿಟ್ಟು ಬೀಗ ಹಾಕಿಕೊಂಡು ಹೋದರೆ ಕೊರಳಲ್ಲಿ ಸರಪಳಿ ಇಲ್ಲದಿದ್ದರೂ ಬಂಧವು ಬಂಧವೇ.

ಎಷ್ಟು ಹೊತ್ತು ಎಂಬುದು ಇಲ್ಲಿ ಮುಖ್ಯ ಪ್ರಶ್ನೆ. ನಮ್ಮ ಕಡೆಯವರು ಬೆಂಗಳೂರಿಗೆ ಹೋದಾಗ ಸಾಮಾನ್ಯವಾಗಿ ಪಶ್ಚಿಮದ ಬಡಾವಣೆಗಳನ್ನು ಹುಡುಕುತ್ತಾರೆ. ಊರಿನ ಬಸ್ಸು ನೆಲಮಂಗಲ, ಯಶವಂತಪುರಗಳ ಮಾರ್ಗವಾಗಿ ನಗರ ಪ್ರವೇಶಿಸುತ್ತದೆ. ರಾಜಾಜಿನಗರ, ವಿಜಯನಗರಗಳಲ್ಲಿ ಬಂಧುಗಳಿರುತ್ತಾರೆ. ಆದರೆ ಮಗನ ಕಚೇರಿ ಪೂರ್ವದ ವೈಟ್‌ಫೀಲ್ಡಿನಲ್ಲೋ ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುತ್ತದೆ. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಮೆಟ್ರೋ ರೈಲು ವಿಜಯನಗರದ ಮೂಲಕ ನೇರವಾಗಿ ಓಡುತ್ತಿದೆ, ನಿಜ. ಆದರೂ ನಿಲ್ದಾಣದವರೆಗಿನ ನಡಿಗೆ, ಕಾಯುವಿಕೆ ಎಲ್ಲ ಸೇರಿ ಒಂದು ದಿಕ್ಕಿಗೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳೋಣ. ಒಂಬತ್ತು ಗಂಟೆಗಳ ಕಚೇರಿಗೆ ಹೋಗಿಬರುವ ಮೂರು ಗಂಟೆ ಕೂಡಿದರೆ ಹನ್ನೆರಡು. ವಾರಕ್ಕೆ ಐದು ದಿನ, ದಿನಕ್ಕೆ ಹನ್ನೆರಡು ಗಂಟೆ ಆ ಪ್ರಾಣಿ ಮಲಮೂತ್ರಗಳನ್ನು ತಡೆದುಕೊಂಡು ಬಾಗಿಲು ನೋಡುತ್ತ ಮಲಗಿರಬೇಕು. ಕಚೇರಿಗೆ ಅರ್ಧ ಗಂಟೆಯ ದೂರದಲ್ಲಿ ಚಿಕ್ಕದಾದ, ಬಾಡಿಗೆ ತುಸು ಹೆಚ್ಚಾದ ಮನೆ ಹಿಡಿದರೆ ಈ ಬಂಧದಲ್ಲಿ ದಿನಕ್ಕೆ ಎರಡು ಗಂಟೆ ಕಡಿಮೆಯಾಗುತ್ತದೆ. ತಿಂಗಳಿಗೆ ನಲವತ್ತು ಗಂಟೆಗೂ ಮೇಲಾಯಿತು. ಬಾಡಿಗೆಯ ಹೆಚ್ಚಳವನ್ನು ಈ ನಲವತ್ತು ಗಂಟೆಗಳ ಎದುರಿಗೆ ಬರೆದು ನೋಡಬೇಕು. ಮನೆಯಲ್ಲಿ ಹಗಲು ವೃದ್ಧರಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆಗ ರಾಜಾಜಿನಗರದ ನೆಲಮಾಳಿಗೆಯ ಹಳೆಯ ಮನೆಯೇ ಮೇಲು.

ಇನ್ನು ನೋಡಬೇಕಾದ ಸಣ್ಣಪುಟ್ಟ ಸಂಗತಿಗಳು ಹಲವು: ಪಶುವೈದ್ಯರು ಹತ್ತಿರವಿದ್ದಾರೆಯೇ, ಮಣ್ಣಿನ ನೆಲ ಕಾಲಿಗೆ ಸಿಗುತ್ತದೆಯೇ, ಬೀದಿಯ ನಾಯಿಗಳು ಹೊಸಬನನ್ನು ಸಹಿಸುತ್ತವೆಯೇ. ಪ್ರತಿ ಬೀದಿಗೂ ತನ್ನದೇ ನಾಯಿಗಳುಂಟು, ಮಲೆನಾಡಿನ ಅತಿಥಿ ಅಲ್ಲಿ ಅನ್ಯನು. ರೇಬಿಸ್ ಮತ್ತು ಪಾರ್ವೋ ಲಸಿಕೆಗಳನ್ನು ಊರಿನಲ್ಲಿಯೇ, ಹೊರಡುವುದಕ್ಕೆ ಸಾಕಷ್ಟು ಮುಂಚಿತವಾಗಿ ಹಾಕಿಸಿರಬೇಕು. ಬೆಕ್ಕನ್ನು ಹೊಸ ಮನೆಯಲ್ಲಿ ಮೊದಲ ಕೆಲವು ವಾರ ಹೊರಬಿಡಬಾರದು. ಅದು ಹಳೆಯ ಮನೆಯನ್ನು ಹುಡುಕಿಕೊಂಡು ಹೊರಟುಬಿಡುತ್ತದೆ.

ಕಾನೂನಿನ ಮಾತು. 2015ರ ಫೆಬ್ರವರಿಯಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಸತಿ ಸಂಘಗಳು ಬಹುಮತದ ನಿರ್ಣಯದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಹಾಗೆಂದು ಬಾಡಿಗೆಗೆ ಕೊಡಲೊಲ್ಲದ ಮಾಲೀಕನನ್ನು ಈ ಕಾಗದ ತೋರಿಸಿ ಒಪ್ಪಿಸಲಾಗದು. ನಾಯಿಯ ವಿಷಯವನ್ನು ಮುಚ್ಚಿಟ್ಟು ಮನೆ ಹಿಡಿಯುವುದಂತೂ ಸತ್ಯಾಣುವ್ರತಕ್ಕೆ ಸಲ್ಲದು, ಕರಾರಿನಲ್ಲಿ ಬರೆಸುವುದೇ ಲೇಸು. ಪ್ರಾಣಿಗಳನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಮೊದಲ ಅಪರಾಧಕ್ಕೆ ದಂಡವೋ, ಹತ್ತರಿಂದ ಐವತ್ತು ರೂಪಾಯಿ! ಇಂದು ಬೆಂಗಳೂರಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದು. ರಾಜ್ಯದ ದಂಡ ಇಷ್ಟು ಹಗುರಾಗಿರುವಲ್ಲಿ ಮನುಷ್ಯನ ಅಂತಃಸಾಕ್ಷಿಯೇ ಭಾರವನ್ನು ಹೊರಬೇಕಾಗುತ್ತದೆ.

ಕೆಲವರು ನಾಯಿಯನ್ನು ವಾಹನದಲ್ಲಿ ಕೂರಿಸಿಕೊಂಡು ಹೋಗಿ ಕೊಟ್ಟಿಗೆಹಾರದ ಆಚೆಯ ಘಾಟಿಯಲ್ಲೋ ದೂರದ ಪೇಟೆಯಲ್ಲೋ ಇಳಿಸಿ ಬಂದು, ಅದಕ್ಕೆ ‘ಬಿಡುಗಡೆ’ ಎಂದು ಹೆಸರಿಡುತ್ತಾರೆ. ಬಿಡುಗಡೆ ಹೊಂದಿದ ಜೀವ ಹಿಂದಿರುಗಿ ನೋಡುವುದಿಲ್ಲ. ಆ ನಾಯಿ ವಾಹನದ ಹಿಂದೆ ಓಡಿಬರುತ್ತದೆ. ಚಿರತೆಗೆ ಆಹಾರವಾಗುವುದೋ, ಹಸಿವಿನಿಂದ ಸಾಯುವುದೋ, ಬಿಟ್ಟವನು ನೋಡುವುದಿಲ್ಲ ಅಷ್ಟೆ. ಅನ್ನಪಾನನಿರೋಧಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನರಿಯೆ.

ಹಾಗಾದರೆ ಪ್ರತಿಯೊಂದು ಪ್ರಾಣಿಯನ್ನೂ ಒಯ್ಯಲೇಬೇಕೆ? ನನಗೆ ಹಾಗೆ ತೋರುವುದಿಲ್ಲ. ಹತ್ತು ಹನ್ನೆರಡು ವರ್ಷದ ಮುದಿನಾಯಿ ತೋಟದ ಕಣ, ಲೈನಿನ ಮನೆಗಳು, ಅಲ್ಲಿನ ಜನ ಇವನ್ನೇ ಜಗತ್ತೆಂದು ತಿಳಿದಿರುತ್ತದೆ. ಅದನ್ನು ಅದೇ ಅಂಗಳದಲ್ಲಿ, ಅದಕ್ಕೆ ಪರಿಚಿತರಾದವರ ಕೈಯಲ್ಲಿ ಉಳಿಸುವುದು ಇನ್ನೂರೈವತ್ತು ಕಿಲೋಮೀಟರು ಸಾಗಿಸುವುದಕ್ಕಿಂತ ದಯೆಯುಳ್ಳದ್ದು. ತೋಟವೇ ಮಾರಾಟವಾಗಿ ಹೊಸ ಯಜಮಾನ ಬರುವುದಾದರೆ ಈ ಮಾತು ಅನ್ವಯಿಸದು. ಉಳಿಸಿದರೂ ಋಣ ತೀರಲಿಲ್ಲ. ಅನ್ನ, ಲಸಿಕೆ, ಚಿಕಿತ್ಸೆಗಳ ಖರ್ಚು ತಿಂಗಳು ತಿಂಗಳು ಬೆಂಗಳೂರಿನಿಂದ ಹೋಗಬೇಕು. ದಿನಗೂಲಿಯವನ ತಲೆಗೆ ಆ ಹೊರೆಯನ್ನು ಕಟ್ಟಿ ನಗರಕ್ಕೆ ಹೋದವನು ಅತಿಭಾರಾರೋಪಣ ದೋಷಕ್ಕೆ ಗುರಿಯಾಗುತ್ತಾನೆ, ಭಾರ ಹೊತ್ತದ್ದು ಎತ್ತಲ್ಲ, ಮನುಷ್ಯ ಎಂಬಷ್ಟೇ ಭೇದ. ಪಂಜರದ ಗಿಳಿಯದು ಬೇರೆಯೇ ಕಥೆ: ನಮ್ಮ ಕಾಡಿನ ಗಿಳಿಗಳನ್ನು ಸಾಕುವುದೇ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಅದು ಅರಣ್ಯ ಇಲಾಖೆಯವರ ಕೈ ಸೇರಬೇಕೇ ಹೊರತು ನಗರದ ಬಾಲ್ಕನಿಯನ್ನಲ್ಲ.

ನೆರೆಯವನೂ ಜೀವವೇ ಎಂಬುದನ್ನು ಪ್ರಾಣಿಪ್ರಿಯರು ಕೆಲವೊಮ್ಮೆ ಮರೆಯುತ್ತಾರೆ. ಅವನ ನಿದ್ರೆ, ಅವನ ಮಗುವಿನ ಭಯ, ಅವನ ಬಾಗಿಲ ಮುಂದಿನ ಶುಚಿತ್ವ ಇವೂ ಆಯ್ಕೆಯ ಲೆಕ್ಕದಲ್ಲಿ ಬರಬೇಕು. ಬೊಗಳುವ ಅಭ್ಯಾಸವುಳ್ಳ ತೋಟದ ನಾಯಿಗೆ ಗೋಡೆಗೆ ಗೋಡೆ ತಾಗಿದ ಕಟ್ಟಡ ತಕ್ಕುದಲ್ಲ.

ಮನೆ ಬಾಡಿಗೆಗೆ ಕೊಡುವ ನಮ್ಮವರಿಗೆ ಮತ್ತೊಂದು ಸಂಕಟವಿದೆ. ಬಾಡಿಗೆದಾರರು ಸಸ್ಯಾಹಾರಿಗಳೇ ಆಗಿರಲಿ, ಬೆಕ್ಕಿದ್ದರೆ ಅದರ ಆಹಾರವೇನು? ಸತ್ಯವನ್ನು ಹೇಳಬೇಕೆಂದರೆ, ಸಮತೋಲನ ನೋಡಿ ಕೊಟ್ಟರೆ ನಾಯಿ ಸಸ್ಯಾಹಾರದಲ್ಲಿ ಬದುಕೀತು. ಬೆಕ್ಕಿನ ದೇಹ ಹಾಗಿಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ವಸ್ತು ಆಹಾರದಲ್ಲಿ ಸಾಲದೆ ಹೋದರೆ ಅದರ ಕಣ್ಣು, ಹೃದಯಗಳು ಕೆಡುತ್ತವೆ. ಬರಿಯ ಹಾಲನ್ನದಿಂದ ಅದು ಪೂರೈಸದು. ಶ್ರಾವಕನು ಬೆಕ್ಕನ್ನು ತರಬಾರದೆಂಬ ವಿಧಿಯ ವಿವೇಕ ಇಲ್ಲಿಯೇ ಕಾಣುತ್ತದೆ. ಆದರೆ ಈಗಾಗಲೇ ಇರುವ ಬೆಕ್ಕಿನೊಡನೆ ಬಂದು ಮನೆ ಕೇಳುವ ಕುಟುಂಬವನ್ನು ಏನು ಮಾಡೋಣ ಎಂದು ಇಂಥ ಮಾಲೀಕರೊಬ್ಬರು ನನ್ನನ್ನು ಕೇಳಿದರು. ಒಲ್ಲೆನೆನ್ನುವ ಹಕ್ಕು ನಿಮಗಿದೆ, ಆದರೆ ಬೆಕ್ಕನ್ನು ಎಲ್ಲಾದರೂ ಬಿಟ್ಟು ಬನ್ನಿ, ಮನೆ ಕೊಡುತ್ತೇನೆ ಎಂಬ ಮಾತನ್ನು ಮಾತ್ರ ಆಡಬೇಡಿ ಎಂದೆ. ಅವರು ಮೇಲಂತಸ್ತಿನ ಮನೆಯನ್ನು, ಪ್ರತ್ಯೇಕ ಮೆಟ್ಟಿಲಿರುವುದನ್ನು, ಆ ಕುಟುಂಬಕ್ಕೆ ಕೊಟ್ಟಿದ್ದಾರೆ.