ನಾದವಿಲ್ಲದ ಗಾನ

ಶಬ್ದವು ನಿತ್ಯವೋ ಅನಿತ್ಯವೋ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಬರಿಯ ವಾದಕುತೂಹಲದಿಂದ ಎತ್ತಿಕೊಂಡವರಲ್ಲ. ವೇದದ ಪ್ರಾಮಾಣ್ಯವು ಆ ಪ್ರಶ್ನೆಯೊಡನೆ ಹೆಣೆದುಕೊಂಡಿದ್ದುದರಿಂದ, ಜೈಮಿನಿಯ ಸೂತ್ರಗಳನ್ನು ಅನುಸರಿಸಿದ ಮೀಮಾಂಸಕರು ವರ್ಣಗಳು ನಿತ್ಯವೆಂದೂ, ನಾವು ಬಾಯಿಂದ ಹೊರಡಿಸುವ ಧ್ವನಿಯು ಅವನ್ನು ಅಭಿವ್ಯಕ್ತಗೊಳಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲವೆಂದೂ ಸಾಧಿಸಿದರು. ಆಕಾಶದ ಗುಣವಾದ ಶಬ್ದವು ಹುಟ್ಟಿ ಅಳಿಯತಕ್ಕದ್ದೆಂದು ನೈಯಾಯಿಕರು ಅದನ್ನು ಖಂಡಿಸಿದರು. ಇದೇ ಪ್ರಶ್ನೆಯನ್ನು ಸಂಗೀತದ ವಿಷಯದಲ್ಲಿ ಕೇಳಿದರೆ ಉತ್ತರವೇನಾದೀತು? ಗಾನವು ನಾದಕ್ಕೆ ಮೊದಲೇ ಸಿದ್ಧವಾಗಿರುವ ವಸ್ತುವೋ, ಅಥವಾ ನಾದವೇ ಗಾನವೋ? ಇದನ್ನು ಪರೀಕ್ಷಿಸುವುದಕ್ಕೆ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯಷ್ಟು ಅನುಕೂಲವಾದ ಸ್ಥಳವು ಇಂದು ಬೇರೊಂದಿಲ್ಲವೆಂದು ನನಗೆ ತೋರುತ್ತದೆ.

ಹೊಸದಾಗಿ ಲಿನಕ್ಸನ್ನು ಸ್ಥಾಪಿಸಿದ ಕಂಪ್ಯೂಟರಿನಲ್ಲಿ ಮಿಡಿ ಎಂಬ ಬಗೆಯ ಸಂಗೀತದ ಫೈಲೊಂದನ್ನು ನುಡಿಸಹೊರಟವರಿಗೆ ಆಗುವ ಅನುಭವ ವಿಲಕ್ಷಣವಾದುದು. ಅಲ್ಸಾ ಎಂಬ ಧ್ವನಿವ್ಯವಸ್ಥೆಯ ಉಪಕರಣಗಳಲ್ಲೊಂದಾದ ‘ಎಪ್ಲೇಮಿಡಿ’ಗೆ ಆ ಫೈಲನ್ನು ಒಪ್ಪಿಸಿ, ಬೇರೆ ಯಾವ ವಾದ್ಯವೂ ಜೋಡಿಸಿರದಾಗ ಸಾಮಾನ್ಯವಾಗಿ ಕಾಣಸಿಗುವ ‘ಮಿಡಿ ಥ್ರೂ’ ಎಂಬ ಒಂದೇ ದ್ವಾರವನ್ನು ತೋರಿಸಿದರೆ, ಅದು ಯಾವ ದೋಷವನ್ನೂ ಹೇಳದೆ, ಒಂದೊಂದು ಸ್ವರವನ್ನೂ ಅದರದರ ಕಾಲಕ್ಕೆ ಸರಿಯಾಗಿ ಕಳುಹಿಸುತ್ತ, ಲಯ ಕಿಂಚಿತ್ತೂ ತಪ್ಪದೆ, ಕೃತಿಯ ಅವಧಿಯಷ್ಟೂ ನಡೆದು ಸಮಾಪ್ತಿಗೊಳ್ಳುತ್ತದೆ. ಕಿವಿಗೆ ಮಾತ್ರ ಏನೂ ಬೀಳುವುದಿಲ್ಲ. ಸ್ಪೀಕರು ಕೆಟ್ಟಿಲ್ಲ, ಬೇರೆ ಹಾಡುಗಳು ಸ್ವಚ್ಛವಾಗಿ ಕೇಳಿಸುತ್ತವೆ. ಹಾಗಾದರೆ ಅಲ್ಲಿ ಗಾನ ನಡೆಯಿತೆನ್ನಬೇಕೋ, ನಡೆಯಲಿಲ್ಲವೆನ್ನಬೇಕೋ?

ಮಿಡಿ ಫೈಲಿನಲ್ಲಿರುವುದು ಧ್ವನಿಯಲ್ಲ, ವಿಧಿ. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಇಕುಟಾರೊ ಕಾಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಮೊದಲಾದವರು, ಒಂದು ಸಂಸ್ಥೆಯ ವಾದ್ಯವು ಮತ್ತೊಂದು ಸಂಸ್ಥೆಯ ವಾದ್ಯವನ್ನು ನುಡಿಸಲು ಸಾಧ್ಯವಾಗಬೇಕೆಂದು ಶ್ರಮಿಸಿದುದರ ಫಲವಾಗಿ 1983ರಲ್ಲಿ ಪ್ರಕಟವಾದ ಮಿಡಿ ಎಂಬ ಈ ಸಂಕೇತಪದ್ಧತಿಯಲ್ಲಿ, ಯಾವ ಕೀಲಿಯನ್ನು ಒತ್ತಬೇಕು, ಎಷ್ಟು ರಭಸದಿಂದ ಒತ್ತಬೇಕು, ಯಾವಾಗ ಬಿಡಬೇಕು ಎಂಬಂಥ ವಿಧಿಗಳೇ ಮುಖ್ಯವಾಗಿ 0ರಿಂದ 127ರವರೆಗಿನ ಅಂಕೆಗಳಲ್ಲಿ ನಿರೂಪಿತವಾಗುತ್ತವೆ. 

ವಿಧಿಯುಂಟು, ವಿಧಿಯನ್ನು ಆಚರಿಸುವವನಿಲ್ಲ: ಲಿನಕ್ಸಿನ ಮೌನಕ್ಕೆ ಕಾರಣ ಇದೇ. 1990ರ ದಶಕದ ಅನೇಕ ಧ್ವನಿಕಾರ್ಡುಗಳಲ್ಲಿ ನಾದವನ್ನು ಉತ್ಪಾದಿಸುವ ಚಿಪ್ಪು ಇರುತ್ತಿತ್ತು. ಮುಂದೆ ಅದು ಲೋಪವಾಗಿ, ಆ ಕೆಲಸ ತಂತ್ರಾಂಶದ ಪಾಲಿಗೆ ಬಂದಿತು. ವಿಂಡೋಸಿನಲ್ಲಿ ರೋಲ್ಯಾಂಡಿನಿಂದ ಪರವಾನಗಿ ಪಡೆದ ಸಣ್ಣ ಧ್ವನಿಸಂಗ್ರಹವೊಂದು ಮೊದಲೇ ಅಡಗಿರುವುದರಿಂದ, ಫೈಲನ್ನು ತೆರೆದೊಡನೆ ಹಾಡು ಕೇಳಿಸುತ್ತದೆ, ಮತ್ತು ಹಾಡು ಫೈಲಿನಲ್ಲಿಯೇ ಇತ್ತೆಂಬ ಭ್ರಾಂತಿಯೂ ಹುಟ್ಟುತ್ತದೆ. ಲಿನಕ್ಸಿನಲ್ಲಿಯಾದರೋ ಫ್ಲೂಯಿಡ್‌ಸಿಂತ್ ಅಥವಾ ಟಿಮಿಡಿಟಿ ಎಂಬ ನುಡಿಸುವ ತಂತ್ರಾಂಶವನ್ನೂ, ಅದಕ್ಕೆ ಬೇಕಾದ ಸೌಂಡ್‌ಫಾಂಟ್ ಎಂಬ ಧ್ವನಿಕೋಶವನ್ನೂ ನಾವೇ ತರಬೇಕು. ಹತ್ತಾರು ಕಿಲೋಬೈಟುಗಳ ಫೈಲಿಗೆ ಪ್ರಾಣ ಬರಬೇಕಾದರೆ, ಫ್ಲೂಯಿಡ್ ಆರ್3 ಎಂಬ ಪ್ರಸಿದ್ಧ ಕೋಶವನ್ನು ಆಶ್ರಯಿಸಿದಲ್ಲಿ, ಸುಮಾರು 140 ಮೆಗಾಬೈಟುಗಳಷ್ಟು ನಾದ ಬೇಕು. ಈ ಪ್ರಮಾಣವೇ ವಿಚಾರಕ್ಕೆ ಅರ್ಹವಾದುದು: ಗಾನದಲ್ಲಿ ವಿಧಿಗಿಂತ ನಾದದ ಪಾಲೇ ದೊಡ್ಡದೆಂದು ಅದು ಸೂಚಿಸುತ್ತದೆ.

ಮೀಮಾಂಸಕನು ಇಲ್ಲಿ ಸುಲಭವಾಗಿ ಸೋಲನ್ನೊಪ್ಪುವವನಲ್ಲ. ಅದೇ ಫೈಲನ್ನು ಎರಡು ಬೇರೆ ಬೇರೆ ಕೋಶಗಳಿಂದ ನುಡಿಸಿದಾಗ, ನಾದ ಭಿನ್ನವಾದರೂ ‘ಇದು ಅದೇ ಕೃತಿ’ ಎಂದು ನಾವು ಗುರುತಿಸುತ್ತೇವಲ್ಲವೇ, ಆ ಪ್ರತ್ಯಭಿಜ್ಞೆಯೇ ಕೃತಿಯ ನಿತ್ಯತ್ವಕ್ಕೆ ಪ್ರಮಾಣವಲ್ಲವೇ ಎಂದು ಅವನು ಕೇಳುವನು. ಭೇರಿಯನ್ನು ಬಾರಿಸಿದಾಗ ಒಂದು ಹೊಡೆತದ ಸದ್ದು ಇಪ್ಪತ್ತು ಹೆಜ್ಜೆ, ಇನ್ನೊಂದರದು ಮೂವತ್ತು ಹೆಜ್ಜೆ ಹೋದರೂ ಸ್ಫೋಟವು, ಎಂದರೆ ಶಬ್ದದ ಮಾರ್ಪಡದ ಸ್ವರೂಪವು, ಇದ್ದಷ್ಟೇ ಇರುತ್ತದೆ, ವೃದ್ಧಿಯೆಲ್ಲ ಧ್ವನಿಯದು ಎಂದು ವೈಯಾಕರಣನಾದ ಪತಂಜಲಿಯು ಮಹಾಭಾಷ್ಯದಲ್ಲಿ ತೋರಿಸಿಕೊಟ್ಟ ದೃಷ್ಟಾಂತವೂ ಅವನಿಗೆ ನೆರವಾದೀತು. ಮಾತಿನ ಮಟ್ಟಿಗೆ ಈ ವಾದವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ: ‘ಗೋವು’ ಎಂಬ ಪದವನ್ನು ಶಿಶುವು ನುಡಿದರೂ ವೃದ್ಧನು ನುಡಿದರೂ ತಿಳಿಯುವ ಅರ್ಥ ಒಂದೇ.

ಆದರೆ ತೋಡಿ ರಾಗದ ಗಾಂಧಾರವನ್ನು ಬಲ್ಲವರು ಸಂಗೀತಕ್ಕೆ ಇದನ್ನು ಒಪ್ಪಲಾರರು. ಆ ಗಾಂಧಾರವು ಒಂದು ಸ್ಥಾನದಲ್ಲಿ ನಿಲ್ಲುವ ಸ್ವರವಲ್ಲ, ಒಂದು ಆಂದೋಲನ. ಕಂಪನವನ್ನು ಕಳೆದರೆ ಉಳಿಯುವುದು ಬಡವಾದ ತೋಡಿಯಲ್ಲ, ತೋಡಿಯೇ ಅಲ್ಲದ ಬೇರೊಂದು. ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಸ್ವರವನ್ನು ಹೀಗೆ ಆಡಿಸುವ ಹದಿನೈದು ಗಮಕಗಳನ್ನು ಹೇಳಿದ್ದಾನೆ. ಅವನ್ನು ಮಿಡಿಯಲ್ಲಿ ಬರೆಯುವುದಕ್ಕೆ ಸ್ವರವನ್ನು ಬಾಗಿಸುವ, 16,384 ಹಂತಗಳ ಸೂಕ್ಷ್ಮತೆಯುಳ್ಳ ವಿಧಿಯೊಂದೂ ಉಂಟು. ಗಮಕದ ರೇಖೆಯನ್ನು ಅದು ಸಾಕಷ್ಟು ನಿಷ್ಠೆಯಿಂದಲೇ ಬರೆದಿಡಬಲ್ಲುದು. ಆದರೂ ವೈಣಿಕನು ಮೆಟ್ಟಿಲ ಮೇಲೆ ತಂತಿಯನ್ನು ಎಳೆದಾಗ ಬಿಗಿತ ಹೆಚ್ಚಿ, ಶ್ರುತಿಯೊಡನೆ ನಾದದ ಬಣ್ಣವೂ ಬದಲಾಗುತ್ತದೆ. ಧ್ವನಿಕೋಶವಾದರೋ ಎಂದೋ ಒಮ್ಮೆ ಮೀಟಿ ಮುದ್ರಿಸಿದ ನಾದವನ್ನೇ ಬೇಗವಾಗಿಯೋ ನಿಧಾನವಾಗಿಯೋ ಓಡಿಸಿ ಬಾಗಿಸುತ್ತದೆ. ಎಳೆದ ತಂತಿಯ ಸುದ್ದಿ ಅದಕ್ಕೆ ತಿಳಿಯದು. ಆದುದರಿಂದ ಸಂಗೀತದಲ್ಲಿ ನಾದವು ಬರಿಯ ವ್ಯಂಜಕವಲ್ಲ, ಗಾನದ ಶರೀರವೇ ಆಗಿದೆಯೆಂದೂ, ಮೀಮಾಂಸಕನು ಗುರುತಿಸಿದ ‘ಅದೇ ಕೃತಿ’ಯು ಗಾನದ ಅಸ್ಥಿಪಂಜರ ಮಾತ್ರವೆಂದೂ ನಾನು ತಿಳಿಯುತ್ತೇನೆ. ಮಿಡಿ ಥ್ರೂವಿನಲ್ಲಿ ಕಾಲ ನಡೆಯಿತು, ಗಾನ ನಡೆಯಲಿಲ್ಲ.

ಇದು ನಿಜವಾದರೆ ಒಂದು ಕರ್ತವ್ಯವೂ ನಮ್ಮ ಮೇಲೆ ಬೀಳುತ್ತದೆ. ಮುಕ್ತ ಧ್ವನಿಕೋಶಗಳು ಆಕಾಶದಿಂದ ಉದುರಿದವಲ್ಲ. ಯಾರೋ ಒಂದೊಂದು ಸ್ವರವನ್ನೂ ತಾಳ್ಮೆಯಿಂದ ನುಡಿಸಿ, ಮುದ್ರಿಸಿ, ಎಲ್ಲರೂ ಬಳಸಲೆಂದು ಕೊಟ್ಟ ದಾನಗಳು. 1991ರಲ್ಲಿ ರೂಪುಗೊಂಡ ಜನರಲ್ ಮಿಡಿ ಎಂಬ ಮಾನದಂಡದ 128 ವಾದ್ಯಗಳ ಪಟ್ಟಿಯಲ್ಲಿ ಸಿತಾರಿಗೂ ಶಹನಾಯಿಗೂ ಸ್ಥಾನವುಂಟು. ವೀಣೆಗಿಲ್ಲ, ಅದರ ತಾಳವಾದ್ಯಗಳ ನಡುವೆ ಮೃದಂಗಕ್ಕಿಲ್ಲ. ಪಟ್ಟಿಯನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲದಿದ್ದರೂ ಕೋಶವನ್ನು ಕಟ್ಟುವುದಕ್ಕೆ ಯಾರ ಅನುಮತಿಯೂ ಬೇಡ. ನಮ್ಮ ವೈಣಿಕರೂ ಮಾರ್ದಂಗಿಕರೂ ನಾಗಸ್ವರ ವಿದ್ವಾಂಸರೂ ತಮ್ಮ ವಾದ್ಯಗಳ ನಾದವನ್ನು, ನಿಂತ ಸ್ವರಗಳನ್ನು ಮಾತ್ರವಲ್ಲದೆ ಎಳೆದ, ಜಾರಿದ, ಕಂಪಿಸಿದ ಸ್ವರಗಳನ್ನೂ ಮುದ್ರಿಸಿ, ಮುಕ್ತ ಪರವಾನಗಿಯಲ್ಲಿ ಲೋಕಕ್ಕೆ ಅರ್ಪಿಸಬೇಕೆಂದು ಪ್ರಾರ್ಥಿಸುತ್ತೇನೆ.