ಆಕಾಶದಲ್ಲಿ ಬಾರಿಸಿದ ಗಂಟೆಗಳು

(ಓದತಕ್ಕ ವೇದಭಾಗ: ಲೂಕ 7:36–50)

ಈ ಪತ್ರಿಕೆಯಲ್ಲಿ ಚಲಚ್ಚಿತ್ರದ ಮಾತು ಕಂಡು ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕುವಿರೆಂದು ಬಲ್ಲೆವು. ನಾವು ಹೇಳಲಿರುವ ಚಿತ್ರವು ಮಕ್ಕಳಿಗೆ ತೋರಿಸತಕ್ಕದ್ದಲ್ಲ. ಸಭೆಯವರೆಲ್ಲರೂ ಅದನ್ನು ನೋಡಬೇಕೆಂದೂ ನಾವು ಹೇಳುವದಿಲ್ಲ. ಆದಾಗ್ಯೂ ಅದರ ಕಥೆಯನ್ನು ನಿಮ್ಮ ಮುಂದೆ ಇಡದಿರಲು ನಮ್ಮ ಮನಸ್ಸಾಕ್ಷಿಯು ಬಿಡಲಿಲ್ಲ.

ಡೆನ್ಮಾರ್ಕ್ ದೇಶದ ಲಾರ್ಸ್ ಫಾನ್ ಟ್ರಿಯರ್ ಎಂಬವರು 1996ರಲ್ಲಿ ತೆಗೆದ ಆ ಚಿತ್ರದ ಹೆಸರು ‘ಬ್ರೇಕಿಂಗ್ ದಿ ವೇವ್ಸ್’. ಅದೇ ವರುಷ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ದೊಡ್ಡ ಬಹುಮಾನವು ದೊರೆಯಿತು. ಸ್ತ್ರೀಯ ನರಳಾಟವನ್ನೇ ಪುಣ್ಯವಾಗಿ ತೋರಿಸಿದ್ದಾರೆಂದು ಆಕ್ಷೇಪಿಸಿದವರೂ ಅನೇಕರು.

ಕಥೆಯು 1970ರ ದಶಕದ ಆರಂಭದಲ್ಲಿ, ಸ್ಕಾಟ್ಲೆಂಡಿನ ಸಮುದ್ರತೀರದ ಒಂದು ಹಳ್ಳಿಯಲ್ಲಿ ನಡೆಯುವದು. ಅಲ್ಲಿಯದು ನಮ್ಮಂತೆಯೇ ಪ್ರೊಟೆಸ್ಟಾಂಟ್ ಸಭೆ, ಬಹು ಕಟ್ಟುನಿಟ್ಟಿನದು. ದೇವಾಲಯಕ್ಕೆ ಗಂಟೆಯಿಲ್ಲ, ದೇವರ ಆರಾಧನೆಗೆ ಗಂಟೆ ಬೇಕಿಲ್ಲವೆಂಬದು ಹಿರಿಯರ ಮತ. ಸ್ತ್ರೀಯರು ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ. ಪಾಪಿಯೆಂದು ಎಣಿಸಲ್ಪಟ್ಟವರು ಸತ್ತರೆ, ಗೋರಿಯ ಮುಂದೆ ನಿಂತು ಅವರನ್ನು ನರಕಕ್ಕೆ ಒಪ್ಪಿಸುವದು ವಾಡಿಕೆ.

ಬೆಸ್ ಎಂಬ ಮುಗ್ಧ ಯೌವನಸ್ಥೆಯು, ಸಮುದ್ರದಲ್ಲಿ ಎಣ್ಣೆಯ ಬಾವಿಯ ಕೆಲಸ ಮಾಡುವ ಯಾನ್ ಎಂಬ ಪರಸ್ಥಳದವನನ್ನು ಮದುವೆಯಾಗುತ್ತಾಳೆ. ಅವನು ಕೆಲಸಕ್ಕೆ ಹೋದಾಗ ಅಗಲಿಕೆಯನ್ನು ತಾಳಲಾರದೆ, ಅವನನ್ನು ಮನೆಗೆ ಕಳುಹಿಸೆಂದು ದೇವರನ್ನು ಬೇಡುತ್ತಾಳೆ. ಅವನು ಬರುತ್ತಾನೆ, ಆದರೆ ಅಪಘಾತದಲ್ಲಿ ಶರೀರದ ಸ್ವಾಧೀನ ತಪ್ಪಿ ಬರುತ್ತಾನೆ. ತನ್ನ ಪ್ರಾರ್ಥನೆಯೇ ಇದಕ್ಕೆ ಕಾರಣವೆಂದು ಅವಳು ನಂಬುತ್ತಾಳೆ. ಹಾಸಿಗೆ ಹಿಡಿದ ಯಾನನು, ಪರಪುರುಷರನ್ನು ಸೇರಿ ಆ ಸಂಗತಿಯನ್ನು ತನಗೆ ಬಂದು ಹೇಳೆಂದು ಕೇಳುತ್ತಾನೆ. ಇದರಿಂದ ಗಂಡನು ಬದುಕುವನೆಂದು ನಂಬಿ ಅವಳು ಅಸಹ್ಯಪಡುತ್ತಲೇ ಹೋಗುತ್ತಾಳೆ. ಸಭೆಯು ಅವಳನ್ನು ಹೊರಗೆ ಹಾಕುತ್ತದೆ. ಮಕ್ಕಳು ಕಲ್ಲೆಸೆಯುತ್ತಾರೆ. ಹೆತ್ತ ತಾಯಿಯೂ ಬಾಗಿಲು ತೆರೆಯುವದಿಲ್ಲ. ಕಡೆಗೆ ಕ್ರೂರರಿದ್ದ ಒಂದು ಹಡಗಿಗೆ ತಿಳಿದೇ ಹೋಗಿ, ಗಾಯಗೊಂಡು ಸಾಯುತ್ತಾಳೆ.

ಅವಳು ಮಾಡಿದ್ದು ಸರಿಯೆಂದು ನಾವು ಹೇಳುವವರಲ್ಲ. ಗಂಡನು ಕೇಳಬಾರದ್ದನ್ನು ಕೇಳಿದನು. ಇಂಥದನ್ನು ವಿಧೇಯತೆಯೆಂದು ಹೆಂಡತಿಯರಿಗೆ ಕಲಿಸುವ ಉಪದೇಶಿಯು ಕರ್ತನಿಗೆ ಲೆಕ್ಕ ಒಪ್ಪಿಸಬೇಕಾದೀತು. ಆದರೆ ಒಂದನ್ನು ಗಮನಿಸಿರಿ. ಬೆಸ್ ಪ್ರಾರ್ಥಿಸುವಾಗ ದೇವರ ಉತ್ತರವನ್ನೂ ತಾನೇ ದಪ್ಪ ಧ್ವನಿಯಿಂದ ನುಡಿಯುತ್ತಾಳೆ. ಆ ಧ್ವನಿಯು ಸಭಾಹಿರಿಯರಂತೆ ಗದರುವದು. ದೇವರು ಹೀಗೆ ಗದರುವವನೆಂದು ಅವಳಿಗೆ ಕಲಿಸಿದವರು ಯಾರು?

ಮರಣದ ವಿಚಾರಣೆಯಲ್ಲಿ ವೈದ್ಯನು, ಅವಳಿಗಿದ್ದ ರೋಗವು ಒಳ್ಳೇತನವೆಂದು ಹೇಳಿಬಿಡುತ್ತಾನೆ. ಹಾಗೆಯೇ ದಾಖಲೆ ಮಾಡಲೋ ಎಂದು ಕೇಳಿದಾಗ ಮಾತನ್ನು ಹಿಂತೆಗೆದುಕೊಳ್ಳುತ್ತಾನೆ. (ಪಾಪವನ್ನು ಬರೆದಿಡಲು ನಾವಾರೂ ಇಷ್ಟು ಹಿಂಜರಿಯುವದಿಲ್ಲ.) ಇತ್ತ ಯಾನನು ಎದ್ದು ನಡೆಯುವವನಾಗಿದ್ದಾನೆ. ಅವನೂ ಜೊತೆಗಾರರೂ ಶವವನ್ನು ಗುಟ್ಟಾಗಿ ತೆಗೆದು, ಪೆಟ್ಟಿಗೆಗೆ ಮರಳು ತುಂಬಿಸುತ್ತಾರೆ. ಸಭೆಯವರು ನರಕಕ್ಕೆ ಒಪ್ಪಿಸುವದು ಆ ಮರಳನ್ನೇ! ಬೆಸ್‌ಳನ್ನು ಸಮುದ್ರಕ್ಕೆ ಒಪ್ಪಿಸಿದ ಮರುದಿನ, ನಡುನೀರಿನಲ್ಲಿ, ಗೋಪುರವೇ ಇಲ್ಲದ ಕಡೆ, ಆಕಾಶದಿಂದ ಗಂಟೆಗಳು ಬಾರಿಸುತ್ತವೆ.

ಸೀಮೋನನ ಮನೆಗೆ ಬಂದ ಪಾಪಿಷ್ಠ ಸ್ತ್ರೀಯ ಕುರಿತು ನಾವು ಅನೇಕ ಸಾರಿ ಪ್ರಸಂಗಿಸಿದ್ದೇವೆ. ಪ್ರತಿಸಾರಿಯೂ ಸೀಮೋನನನ್ನು ಬೇರೊಬ್ಬನೆಂದೇ ತಿಳಿದುಕೊಂಡೆವು. ಹದಿನೈದು ವರುಷಗಳ ಕೆಳಗೆ ನಾವು ಉಪದೇಶಿಯಾಗಿದ್ದ ಒಂದು ಗ್ರಾಮದಲ್ಲಿ, ಸಭೆಯಿಂದ ಹೊರಗಿಡಲ್ಪಟ್ಟ ವಿಧವೆಯೊಬ್ಬಳು ತೀರಿಕೊಂಡಳು. ಹಿರಿಯರಿಗೆ ಅಂಜಿ ನಾವು ಸಮಾಧಿಯ ಬಳಿಗೆ ಹೋಗಲಿಲ್ಲ. ನಾವು ಅವಳನ್ನು ನರಕಕ್ಕೆ ಒಪ್ಪಿಸಲಿಲ್ಲ, ನಿಜ. ಮನೆಯೊಳಗೆ ಕೂತು ವೇದವನ್ನೋದುತ್ತಿದ್ದೆವು. ಅವಳ ಮಗನು ಒಬ್ಬನೇ ಮಣ್ಣು ಹಾಕಿದನು.

ಈ ಚಿತ್ರವನ್ನು ನೋಡಿದ ರಾತ್ರಿ ನಾವು ಆ ಮಗನಿಗೆ ಕಾಗದ ಬರೆದೆವು. ಬರುವ ತಿಂಗಳು ಅಲ್ಲಿಗೆ ಹೋಗಿ, ಅಂದು ಓದದೆ ಬಿಟ್ಟ ಸಮಾಧಿಕ್ರಮವನ್ನು ಅವನೊಡನೆ ನಿಂತು ಓದಲಿಕ್ಕಿದ್ದೇವೆ. ಅಲ್ಲಿಯ ಹಿರಿಯರಿಗೂ ತಿಳಿಸಿದ್ದೇವೆ. ಅವರ ಉತ್ತರವು ಇನ್ನೂ ಬಂದಿಲ್ಲ.